ಗಂಗತ್ತಿ ಕಂಡ ತೋಳ, ಮೇವಿನ ಕೋಣೆಯ ಚಿಲಕ

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಒಂದು ಸಾರಿಯೂ ಕಣ್ಣಾರೆ ನೋಡದ ಪ್ರಾಣಿಗೆ ಹೆದರಿ, ಹಿತ್ತಲಿಗೆ ಹೋಗಲು ಜೊತೆಗೆ ಯಾರನ್ನಾದರೂ ಎಳೆದುಕೊಂಡು ಹೋದದ್ದು? ನನಗೆ ಆಗಿದೆ. ಈಗಿನ ಮಕ್ಕಳು ಕೇಳಿದರೆ ನಗುತ್ತಾರೆ. ಅವರ ಫೋನಿನಲ್ಲಿ ದಿನಕ್ಕೊಂದು ರಾಕ್ಷಸ ಬರುತ್ತದೆ, ಬೆರಳಿನಿಂದ ಸರಿಸಿದರೆ ಹೋಗಿಬಿಡುತ್ತದೆ. ನಮ್ಮ ಕಾಲದ್ದು ಹಾಗೆ ಹೋಗುವಂಥದ್ದಲ್ಲ. ಅದು ಮುಂಬಯಿಯ ಯಾರದೋ ಮನೆಯ ಟಿವಿಯಲ್ಲಿ ಕಾಣಿಸಿಕೊಂಡು, ಟಿವಿ ಅಂದರೇನೆಂದೇ ಗೊತ್ತಿಲ್ಲದ ಬೈಲಹೊಂಗಲದ ನಮ್ಮ ಮನೆಗೆ ನಮ್ಮ ಸೋದರತ್ತೆಯ ಬಾಯಿಂದ ಇಳಿದಿತ್ತು. ಮನುಷ್ಯತೋಳ. ಚಂದ್ರ ಕಂಡ ಕೂಡಲೇ ಮೈತುಂಬ ಕೂದಲು ಬೆಳೆದು, ಹಲ್ಲು ಹೊರಗೆ ಬಂದು, ನಿನ್ನೆ ಪಕ್ಕದಲ್ಲಿ ಕೂತು ಉಂಡವರ ಕುತ್ತಿಗೆಗೇ ಬಾಯಿ ಹಾಕುವ ಮನುಷ್ಯ. ಅದು ನಮ್ಮ ಮನೆಗೆ ಏನು ಮಾಡಿತು ಅಂತ ಇವತ್ತು ಬರೆಯುತ್ತೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಮನೆ ತೋರಿಸುತ್ತೇನೆ. ಮಣ್ಣಿನ ಮಾಳಿಗೆ ಮನೆ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಮೇವಿನ ಕೋಣೆ. ಇದ್ದದ್ದು ಒಂದೇ ಎಮ್ಮೆ, ಆದರೂ ಆ ಕೋಣೆಯನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೇರೆ ಯಾವುದಕ್ಕೂ ಬಿಟ್ಟುಕೊಡುತ್ತಿರಲಿಲ್ಲ. ಜೋಳದ ದಂಟಿನ ಕಣಿಕೆ ಕೊಯ್ದು ಗುಡ್ಡೆ ಹಾಕಿದ ವಾಸನೆ ಇಡೀ ಮನೆಗೆ ಇರುತ್ತಿತ್ತು, ಸಾಲೆಗೆ ಹೋದರೆ ನನ್ನ ಪಾಟಿಚೀಲಕ್ಕೂ ಇರುತ್ತಿತ್ತು. ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ಅಡುಗೆಮನೆಯ ನೆಲದ ಮೇಲೆ ಬೀಳುತ್ತಿತ್ತು. ಅದು ಒಲೆಯ ಹತ್ತಿರ ಬಂದಾಗ ಅವ್ವ ಜೋಳದ ಹಿಟ್ಟಿಗೆ ಕೈ ಹಾಕುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಬೀದಿಯವರೆಗೆ ಹೋಗುತ್ತಿತ್ತು. ನಾನು, ತಂಗಿ ಸುಮಿ ಒಲೆಯ ಮುಂದೆಯೇ ಕೂತು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಮೇಲೆ ಎಣ್ಣೆ ಹಾಕಿಸಿಕೊಂಡು ತಿನ್ನುತ್ತಿದ್ದೆವು. ನಾವು ತಿನ್ನುತ್ತಿದ್ದ ಗಂಗಾಳಗಳನ್ನು, ಆ ಊಟದ ತಟ್ಟೆಗಳನ್ನು, ನೀವು ನೋಡಬೇಕಿತ್ತು. ಒಂದೂ ನೆಟ್ಟಗೆ ಇರಲಿಲ್ಲ. ಸಾರು ಹಾಕಿದರೆ ಒಂದು ಕಡೆಗೇ ಹರಿದು ಹೋಗುತ್ತಿತ್ತು. ಬಂದ ನೆಂಟರು ಗಂಗಾಳವನ್ನು ಅತ್ತ ಇತ್ತ ತಿರುಗಿಸಿ ನೋಡಿ ಸುಮ್ಮನೆ ಉಣ್ಣುತ್ತಿದ್ದರು.

ಯಾಕೆ ಅಂದರೆ ಅವನ್ನು ಅಪ್ಪ ಎಸೆಯುತ್ತಿದ್ದ. ನೇರವಾಗಿ ಹೇಳಿಬಿಡುತ್ತೇನೆ, ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ, ಬೀಡಿ ಕೂಡ ಇರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಜಿನ್ ಅನ್ನುತ್ತಾರೆ, ಅಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಕೆಲಸವಿಲ್ಲದ ದಿನ ಸುಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತಿದ್ದ, ನನ್ನ ಜಡೆಗೆ ತಾನೇ ರಿಬ್ಬನ್ ಕಟ್ಟುತ್ತಿದ್ದ, ಅವ್ವನಿಗಿಂತ ಚಂದ ಕಟ್ಟುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಅವನು ಬೇರೆ ಯಾರೋ. ಪಲ್ಯಕ್ಕೆ ಉಪ್ಪು ಕಡಿಮೆ ಆಗಿರಬಹುದು, ಎಮ್ಮೆ ಒದ್ದಿರಬಹುದು, ಏನೂ ಆಗದೆಯೂ ಇರಬಹುದು. ಗಂಗಾಳ ಹಾರುತ್ತಿತ್ತು, ಆಮೇಲೆ ಕೈ. ಮರುದಿನ ಹಿತ್ತಲಲ್ಲಿ ಕೂತು, ನೆಗ್ಗಿದ ಗಂಗಾಳವನ್ನು ಕಟ್ಟಿಗೆಯ ಕೊಡತಿಯಿಂದ ಬಡಿದು ಸರಿ ಮಾಡುತ್ತಿದ್ದ, ತಲೆ ಎತ್ತದೆ. ಆಯಿ ಮಾತ್ರ ಮಳೆ ಬಂದು ಹೋದ ಹಾಗೆ ಮಾತಾಡುತ್ತಿದ್ದಳು.

"ಅವಂಗ ಸಿಟ್ಟು ಬರತೈತಿ, ಅಷ್ಟ. ಮನಸಿನ್ಯಾಗ ಏನೂ ಇಲ್ಲ."

ಆ ವರ್ಷ ಚಳಿಗಾಲದಲ್ಲಿ ಗಂಗಾಳದ ಅಂಚು ಅವ್ವನ ಹುಬ್ಬಿಗೆ ತಾಗಿ ರಕ್ತ ಬಂತು. ಸುದ್ದಿ ಅವ್ವನ ತವರಿಗೆ, ರಾಮದುರ್ಗದ ಆಚೆಯ ಸುರೇಬಾನಕ್ಕೆ, ಹೇಗೋ ಮುಟ್ಟಿತು. ಅವ್ವನ ಅಣ್ಣ ಬಸಪ್ಪ ಮಾಮಾ ಬಸ್ಸು ಹಿಡಿದು ಬಂದ. ಕೊಟ್ಟ ನೀರು ಕುಡಿಯಲಿಲ್ಲ, ಪಡಸಾಲೆಯಲ್ಲಿ ನಿಂತೇ ಮಾತಾಡಿದ.

"ಈರಪ್ಪಾ, ಇನ್ನೊಮ್ಮೆ ನನ್ನ ತಂಗಿ ಮ್ಯಾಲ ಕೈ ಬಿತ್ತಂದ್ರ ಕರಕೊಂಡ ಹೋಗಾವ. ತಿರುಗಿ ಕಳಸಾಂಗಿಲ್ಲ."

ಅಪ್ಪ ಗೋಡೆ ನೋಡುತ್ತಿದ್ದ. ಉತ್ತರ ಕೊಟ್ಟವಳು ಆಯಿ.

"ಕರಕೊಂಡ ಹೋಗಪಾ, ನಿನ್ನ ತಂಗಿ. ಆದ್ರ ಹುಡಿಗ್ಯಾರು ನಮ್ಮ ಮನೀವು. ಅವು ಎಲ್ಲೂ ಬರಾಂಗಿಲ್ಲ."

"ಇಟ್ಕೋರಿ," ಅಂದ ಮಾಮಾ.

ಇಟ್ಕೋರಿ. ಬಾಗಿಲ ಹಿಂದೆ ನಿಂತಿದ್ದ ನನಗೆ ಆ ಮಾತು ಹೇಗೆ ಕೇಳಿಸಿತು ಗೊತ್ತಾ? ಕೊಡ ಹಂಚಿಕೊಳ್ಳುವವರು ಹೇಳಿದ ಹಾಗೆ. ಇದನ್ನು ಓದಿ ಕೆಲವರು ಕೇಳೇ ಕೇಳುತ್ತೀರಿ, ನಿಮ್ಮವ್ವ ಯಾಕೆ ಬಿಟ್ಟು ಹೋಗಲಿಲ್ಲ ಅಂತ. ಆ ಒಂದು ಮಾತಿಗೇ ಹೋಗಲಿಲ್ಲ, ಹೋದರೆ ನಮ್ಮಿಬ್ಬರನ್ನು ಬಿಟ್ಟು ಹೋಗಬೇಕಿತ್ತು. ಅವತ್ತಿನಿಂದ ನನ್ನ ಲೆಕ್ಕ ಸರಳವಾಯಿತು. ಅಪ್ಪನ ಕೈ ಇನ್ನೊಮ್ಮೆ ಎದ್ದರೆ ಅವ್ವ ಇರುವುದಿಲ್ಲ. ಅಡುಗೆಮನೆಯಲ್ಲಿ ಗಂಗಾಳದ ಸಪ್ಪಳವಾದರೆ ಸಾಕು, ನಾನು ಓಡಿಹೋಗಿ ಅವ್ವನ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಬೇಸಿಗೆಗೆ ಗಂಗತ್ತಿ ಬಂದಳು. ಅಪ್ಪನ ತಂಗಿ, ಗಂಡ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ. ಅವಳು ಇದ್ದ ಚಾಳಿನಲ್ಲಿ ಒಬ್ಬರ ಮನೆಗೆ ಟಿವಿ ಬಂದಿತ್ತಂತೆ. ಸಂಜೆಯಾದರೆ ಚಾಳಿನವರೆಲ್ಲ ಅವರ ಕಿಟಕಿಗೆ ಜೋತು ಬೀಳುತ್ತಿದ್ದರಂತೆ. ಬೆಳಿಗ್ಗೆ ಮಾಳಿಗೆಯ ಮೇಲೆ ಶಾವಿಗೆ ಹೊಸೆಯುವ ಕೆಲಸ ನಡೆದಿತ್ತು. ಆಯಿ ಹಿಟ್ಟು ನಾದಿ ಕೊಡುವುದು, ಅವ್ವ ಮಣೆಯ ಮೇಲೆ ಕೂತು ಎಳೆ ತೆಗೆಯುವುದು, ಗಂಗತ್ತಿ ಅದನ್ನು ಕೋಲಿನ ಮೇಲೆ ಒಣಗಲು ಹಾಕುವುದು, ನಾನು, ಸುಮಿ ಕಾಗೆ ಓಡಿಸುವುದು. ಬಾಯಿ ಮಾತ್ರ ಗಂಗತ್ತಿಯದೇ, ಟಿವಿಯಲ್ಲಿ ಕಂಡ ಒಂದು ನಾಟಕದ ಕಥೆ.

"ಯವ್ವ, ಆ ಮನಶ್ಯಾ ಛಂದ ಕೋಟ ಹಾಕ್ಕೊಂಡಾನ. ಸಾಹೇಬ ಇದ್ದಾಂಗ ಅದಾನ. ಕಿಡಕ್ಯಾಗ ಚಂದ್ರ ಬಂದಾ ನೋಡು, ಕೈ ಹಿಂಗ ನಡಗಾಕ ಹತ್ತಿದ್ವು. ಉಗರು ಬಂದ್ವು. ಮಾರಿ ತುಂಬ ಕೂದಲಾ! ತೋಳ ಆಗಿಬಿಟ್ಟ."

ತೋಳ ಅಂದರೆ ನಮಗೇನು ಹೊಸದಲ್ಲ. ಹೂಲಿ ಕಡೆಯ ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸುತ್ತಿದ್ದ ಕುರುಬರು ತೋಳದ ಸುದ್ದಿಯನ್ನು ನಾಯಿಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಕೂಗಿದರೆ ಓಡುತ್ತದೆ ಅನ್ನುತ್ತಿದ್ದರು. ಆದರೆ ಕೋಟು ಹಾಕಿಕೊಂಡ ತೋಳವನ್ನು ನಾವು ಕೇಳಿರಲಿಲ್ಲ. ಸುಮಿ ನನ್ನ ಲಂಗ ಹಿಡಿದುಕೊಂಡಳು. ಆಯಿಗೆ ಬೇರೆಯೇ ತಕರಾರು.

"ಯಾವತ್ತ ಆಗತಾನ?"

"ಹುಣ್ಣಿವಿ ದಿನ."

"ಸುಳ್ಳ. ಹುಣ್ಣಿವಿ ಅಂದ್ರ ಎಲ್ಲವ್ವನ ದಿನ. ಅವತ್ತ ಯಾವ ದೆವ್ವ ಹೊರಗ ಬೀಳತೈತಿ? ಬಂದ್ರ ಅಮಾಸಿಗೆ ಬರಬೇಕು. ನಿನ್ನ ಟೀವಿಯವರಿಗೆ ಪಂಚಾಂಗ ಗೊತ್ತಿಲ್ಲ."

"ಯವ್ವ, ನಾ ಕಣ್ಣೀಲೆ ನೋಡೇನಿ! ಚಂದ್ರ ಇಷ್ಟ ದೊಡ್ಡದಿತ್ತು."

"ಹಂಗಾರ ಆ ದೇಶದಾಗ ಅವತ್ತ ದೇವರು ಮಲಗಿರತೈತಿ," ಅಂದಳು ಆಯಿ, ಹುಣ್ಣಿಮೆ ಹುಣ್ಣಿಮೆಗೆ ಸವದತ್ತಿಯ ಗುಡ್ಡ ಹತ್ತುವವಳು. ಎಲ್ಲರೂ ನಕ್ಕೆವು. ಅವ್ವ ನಗಲಿಲ್ಲ. ಎಳೆ ತೆಗೆಯುವುದನ್ನು ಬಿಟ್ಟು ಕೂತಿದ್ದಳು.

"ಪಾಪ, ಆಂವ ಕೆಟ್ಟಾಂವ ಅಲ್ಲ ವೈನಿ," ಅಂದಳು ಗಂಗತ್ತಿ ಅವ್ವನ ಕಡೆ ತಿರುಗಿ. "ಚಂದ್ರ ಬರೂಕಿಂತ ಮೊದಲ ಮನ್ಯಾಗಿನವರಿಗೆ ಕೈ ಮುಗದು ಹೇಳತಾನ. ನನ್ನ ಒಳಗ ಹಾಕ್ರಿ, ಬಾಗಲಾ ಹಾಕ್ರಿ, ಎಷ್ಟ ಒದರಿದ್ರೂ ತೆಗೀಬ್ಯಾಡ್ರಿ ಅಂತ."

"ಆಂವನ ಹೇಳತಾನ?" ಅಂದಳು ಅವ್ವ.

"ಆಂವನ."

"ಹಾಕಿದ್ರ?"

"ಹಾಕಿದ್ರ ಏನ, ಒಳಗ ಒದರತಾನ, ಬಡಕೋತಾನ. ಮುಂಜಾನಿ ಮತ್ತ ಮನಶ್ಯಾ."

ಅವ್ವ ಮತ್ತೆ ಮಣೆಗೆ ಬಗ್ಗಿದಳು. ಆದರೆ ಅವತ್ತು ಅವಳು ತೆಗೆದ ಎಳೆಗಳು ದಪ್ಪ ದಪ್ಪ ಬಂದವು, ಆಯಿ ಬೈದಳು.

ನಮ್ಮಿಬ್ಬರಿಗೆ ಆ ಕಥೆ ಹಿಡಿದದ್ದು ಸಂಜೆಗೆ. ಅಪ್ಪ ಜಿನ್ನಿನಿಂದ ಮನೆಗೆ ಬರುವಾಗ ಮೈಮೇಲೆ ಹತ್ತಿಯ ನವಿರು ಅಂಟಿರುತ್ತಿತ್ತು. ತೋಳಿಗೆ, ಕಿವಿಗೆ, ಹುಬ್ಬಿಗೆ, ಮೀಸೆಗೆ. ದಿನಾ ನೋಡುತ್ತಿದ್ದ ಅಪ್ಪನೇ. ಆದರೆ ಆ ಸಂಜೆ ಬಾಗಿಲಲ್ಲಿ ನಿಂತ ಅವನ ಬೆನ್ನ ಹಿಂದೆ ಬೆಳಕಿತ್ತು, ಮೈಯ ಅಂಚಿನುದ್ದಕ್ಕೂ ಕೂದಲು ಎದ್ದು ನಿಂತಿದ್ದವು. ಸುಮಿ ಕಿಟಾರನೆ ಕಿರುಚಿ ಅಡುಗೆಮನೆಗೆ ಓಡಿದಳು. ನನಗೆ ಇನ್ನೂ ಒಂದು ಪುರಾವೆ ಇತ್ತು. ಪಕ್ಕದ ಮನೆಯ ಗೆಳತಿ ಒಬ್ಬಳು ಹಿಂದೊಮ್ಮೆ, ತಮ್ಮ ಕಡೆ ಜಿನ್ ಅಂದರೆ ಮನುಷ್ಯರ ಮೈಯಲ್ಲಿ ಸೇರಿಕೊಳ್ಳುವ ಭೂತ ಅಂತ ಹೇಳಿದ್ದಳು. ಅಪ್ಪ ದಿನಾ ಹೋಗುವುದು ಎಲ್ಲಿಗೆ? ಜಿನ್ನಿಗೆ. ಬರುವುದು ಹೇಗೆ? ಕೂದಲು ಹೊತ್ತುಕೊಂಡು. ಇನ್ನೇನು ಬೇಕು! ನಗಬೇಡಿ, ನಮಗೆ ಅದು ಗಣಿತದಷ್ಟು ಖಚಿತವಾಗಿತ್ತು. ಹುಣ್ಣಿಮೆಯೋ ಅಮಾವಾಸ್ಯೆಯೋ ಎಂಬ ಜಗಳ ಬಗೆಹರಿದಿರಲಿಲ್ಲವಾದ್ದರಿಂದ ಎರಡಕ್ಕೂ ಹೆದರುತ್ತಿದ್ದೆವು. ಒಂದು ರೀತಿಯಲ್ಲಿ ನನಗೆ ಸಮಾಧಾನವೂ ಆಗಿತ್ತು. ಹೊಡೆಯುವವನು ಅಪ್ಪ ಅಲ್ಲ, ತೋಳ. ರಿಬ್ಬನ್ ಕಟ್ಟುವವನು ಅಪ್ಪ. ಈಗ ಯೋಚಿಸಿದರೆ ಈ ಲೆಕ್ಕ ಅಪಾಯದ್ದು ಅನ್ನಿಸುತ್ತದೆ. ಹೊಡೆದ ಕೈ, ಕಟ್ಟಿದ ಕೈ ಒಂದೇ. ಅದನ್ನು ಅರಗಿಸಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಅವ್ವ ಆ ಕಥೆಯನ್ನು ಬೇರೆ ರೀತಿ ತೆಗೆದುಕೊಂಡಿದ್ದಳು. ಗಂಗತ್ತಿ ಇದ್ದಾಗಲೇ ಒಂದು ಸಂಜೆ ಅಪ್ಪ ಗಂಗಾಳ ಎಸೆದ. ಅವ್ವನಿಗೆ ತಾಗಲಿಲ್ಲ, ಗೋಡೆಗೆ ತಾಗಿತು. ಮರುದಿನ ಅಪ್ಪ ಹಿತ್ತಲಲ್ಲಿ ಕೊಡತಿ ಹಿಡಿದು ಕೂತಾಗ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ಅವನ ಮುಂದೆ ಕೂತಳು. ನಾನು ಎಮ್ಮೆಗೆ ನೀರು ಇಡುತ್ತಿದ್ದೆ.

"ನೋಡ್ರಿ, ಸಿಟ್ಟು ಬರೂದು ನಿಮಗ ಮೊದಲ ಗೊತ್ತಾಕ್ಕೈತೇನು?"

ಅಪ್ಪ ಬಡಿಯುತ್ತಲೇ ಇದ್ದ. ಆಮೇಲೆ ನಿಲ್ಲಿಸಿದ.

"ಆಕ್ಕೈತಿ."

"ಹೆಂಗ?"

"ಕಿವ್ಯಾಗ ಜಿನ್ನಿನ ಸಪ್ಪಳ ಕೇಳತೈತಿ. ಮಷೀನ ಬಂದ್ ಆದ್ರೂ ಕೇಳತೈತಿ. ಜೋರ ಆಕ್ಕೋಂತ ಬರತೈತಿ."

"ಅದು ಕೇಳಾಕ ಹತ್ತಿದ ಕೂಡಲೇ ಮೇವಿನ ಕ್ವಾಣ್ಯಾಗ ಹೋಗ್ರಿ. ನಾ ಹೊರಗಿಂದ ಚಿಲಕಾ ಹಾಕತೇನಿ. ಹೋತು ಅಂತ ನೀವ ಹೇಳಿದ ಮ್ಯಾಲ ತೆಗೀತೇನಿ."

"ನಾ ಏನ ದನಾ ಏನ?"

"ಅಲ್ಲ. ಅದಕ್ಕ ಕೇಳಾಕ ಹತ್ತೇನಿ."

ಅಪ್ಪ ಗಂಗಾಳವನ್ನು ತಿರುಗಿಸಿ ನೋಡಿ, ಮತ್ತೆ ಬಡಿಯತೊಡಗಿದ. ಆದರೆ ಒಂದು ಸಂಜೆ, ಊಟಕ್ಕೆ ಕೂತವನು ಒಮ್ಮೆಲೇ ಎದ್ದು, ಕೈಯಲ್ಲಿದ್ದ ರೊಟ್ಟಿ ಸಮೇತ ಮೇವಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಅವ್ವ ಓಡಿಹೋಗಿ ಚಿಲಕ ಹಾಕಿದಳು. ಒಳಗೆ ಗೋಡೆಗೆ ಏನೋ ಬಡಿದ ಸಪ್ಪಳ, ಬೈಗುಳ, ಕಣಿಕೆ ಮುರಿಯುವ ಸಪ್ಪಳ. ಆಯಿ ಪಡಸಾಲೆಯಲ್ಲಿ ಕುಣಿದಳು.

"ಗಂಡಸನ್ನ ಒಳಗ ಹಾಕಿ ಚಿಲಕಾ ಹಾಕತೀಯೇನ? ಮಂದಿ ನೋಡಿದ್ರ ಏನಂದಾರು?"

"ಇಷ್ಟ ದಿನ ಮಂದಿ ನೋಡಿಲ್ಲೇನ್ರಿ ಅತ್ತಿ?" ಅಂದಳು ಅವ್ವ. ಅವಳು ಆಯಿಗೆ ತಿರುಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಲ್ಲೊಂದು ವಿಷಯ ಹೇಳಲೇಬೇಕು. ಬಹಳ ವರ್ಷಗಳ ನಂತರ, ಗಂಗತ್ತಿ ಮುದುಕಿಯಾದ ಮೇಲೆ, ಅವಳನ್ನು ಕೇಳಿದೆ. ಆ ನಾಟಕ ಯಾವ ಭಾಷೆಯದು? ಇಂಗ್ಲಿಷಿಂದು ಅಂದಳು. ನಿನಗೆ ಇಂಗ್ಲಿಷ್ ಬರುತ್ತಿತ್ತಾ? "ನನಗ ಎಲ್ಲೀ ಇಂಗ್ಲಿಷು! ಆಂವ ಒಳಗ ಇದ್ದ, ಸರಳಿನ ಬಾಗಲಾ ಹಿಡದು ಅಳಾಕ ಹತ್ತಿದ್ದ, ಕೈ ಮುಗ್ಯಾಕ ಹತ್ತಿದ್ದ. ಬಾಗಲಾ ಹಾಕ್ರಿ ಅನ್ನಾಕತ್ತಾನ ಅಂತ ನಾ ತಿಳಕೊಂಡೆ." ಒಳಗೆ ಇದ್ದವನು ಕೈ ಮುಗಿದು ಬೇಡುವುದು ಏನನ್ನು? ಬಾಗಿಲು ತೆಗೆಯಿರಿ ಅಂತಲೇ ಅಲ್ಲವೇ? ಆ ನಾಟಕದವರು ಅವನನ್ನು ಹಿಡಿದು ಕೂಡಿಹಾಕಿದ್ದರು, ಅವನು ಬಿಡಿ ಅಂತ ಅಳುತ್ತಿದ್ದ, ಅಷ್ಟೇ ಇರಬೇಕು. ಗಂಗತ್ತಿ ಅದನ್ನು ಉಲ್ಟಾ ಮಾಡಿಕೊಂಡಳು. ಹೆದರಿಸಲೆಂದು ಮಾಡಿದ ರಾಕ್ಷಸನ ಬಾಯಲ್ಲಿ, ತನ್ನ ಮನೆಯವರ ಮೇಲಿನ ಕಾಳಜಿಯ ಮಾತು ಇಟ್ಟಳು. ನಮ್ಮ ಮನೆ ನಿಂತದ್ದು ಆ ತಪ್ಪು ತಿಳುವಳಿಕೆಯ ಮೇಲೆ.

ಅಪ್ಪ ಅಲ್ಲಿಂದ ದೇವರಂಥವನಾದ ಅಂತ ಬರೆದರೆ ನಿಮಗೆ ಚಂದ ಅನ್ನಿಸೀತು, ಆದರೆ ಅದು ಸುಳ್ಳು. ಕೆಲವು ಸಾರಿ ಕೋಣೆ ಮುಟ್ಟುವುದರೊಳಗೆ ಮಜ್ಜಿಗೆ ಗಡಿಗೆ ಒಡೆದಿರುತ್ತಿತ್ತು. ಒಳಗಿನಿಂದ ಬರುವ ಬೈಗುಳಗಳನ್ನು ನಾವು ಕಿವಿ ಮುಚ್ಚಿಕೊಂಡು ಕೇಳುತ್ತಿದ್ದೆವು. ಅವ್ವ ಒಲೆಯ ಮುಂದೆ ಕೂತರೂ ಒಂದು ಕಣ್ಣು ಚಿಲಕದ ಮೇಲೆಯೇ ಇಡಬೇಕಿತ್ತು, ಅದೂ ಒಂದು ಶಿಕ್ಷೆಯೇ. ಆದರೆ ಅವಳ ಮೈಮೇಲೆ ಕೈ ಬೀಳಲಿಲ್ಲ. ಒಳಗೆ ಶಾಂತವಾದ ಮೇಲೆ ಅಪ್ಪ "ಹೋತು" ಅನ್ನುತ್ತಿದ್ದ. ಅವ್ವ ತೆಗೆಯುತ್ತಿದ್ದಳು. ಅವನು ಬಂದು ಕೈ ತೊಳೆದು, ಬಿಟ್ಟ ಊಟ ಮುಗಿಸುತ್ತಿದ್ದ.

ಗಂಗತ್ತಿ ಮುಂಬಯಿಗೆ ಹೋದಳು, ಮಳೆಗಾಲ ಬಂತು, ಸುದ್ದಿ ಮಾತ್ರ ಹೇಗೋ ಹೊರಗೆ ಬಿತ್ತು. ಸುರೇಬಾನ ಮುಟ್ಟುವುದರೊಳಗೆ ಅದರ ಆಕಾರ ಬದಲಾಗಿತ್ತು. ಈರಪ್ಪನಿಗೆ ಹುಚ್ಚು ಹಿಡಿದಿದೆ, ಮನೆಯಲ್ಲಿ ಕೂಡಿಹಾಕಿದ್ದಾರೆ, ಇವತ್ತಲ್ಲ ನಾಳೆ ಹೆಂಡತಿಯನ್ನು ಕೊಲ್ಲುತ್ತಾನೆ. ಮಾಮಾ ಹೊರಟು ಬಂದ. ಬಂದ ದಿನ ಎಂಥದು ನೋಡಿ. ಆಯಿ ಮುರಗೋಡದ ಮಠಕ್ಕೆ ಹೋಗಿದ್ದಳು. ಅವ್ವ ಸುಮಿಯನ್ನು ಕರೆದುಕೊಂಡು ಸಂತೆಗೆ ಹೋಗಿದ್ದಳು. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಅಕ್ಕಿ ಆರಿಸುತ್ತ ಕೂತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಅಪ್ಪ ಬಂದ. ಜಿನ್ನಿನಲ್ಲಿ ಯಾರ ಜೊತೆಗೋ ಜಗಳವಾಗಿತ್ತಂತೆ, ಅದು ನನಗೆ ಆಮೇಲೆ ಗೊತ್ತಾದದ್ದು. ಮುಖ ಕೆಂಪಗಿತ್ತು, ಎರಡೂ ಕೈಯಿಂದ ಕಿವಿ ಒತ್ತಿಕೊಂಡಿದ್ದ.

"ನಿಮ್ಮವ್ವ ಎಲ್ಲಿ?"

"ಸಂತಿಗೆ ಹೋಗ್ಯಾಳ."

ಅವನು ಒಂದು ಕ್ಷಣ ಪಡಸಾಲೆಯ ನಡುವೆ ನಿಂತ. ನನ್ನನ್ನು ನೋಡಿದ. ಆಮೇಲೆ ತಾನೇ ಮೇವಿನ ಕೋಣೆಗೆ ಹೋದ.

"ಸರೂ, ಚಿಲಕಾ ಹಾಕ."

ನಾನು ಅಕ್ಕಿಯ ಮೊರ ಹಿಡಿದುಕೊಂಡೇ ಕೂತಿದ್ದೆ.

"ಹಾಕ ಅಂದ್ನೆಲ್ಲ! ಲಗೂನ ಹಾಕ!"

ಚಿಲಕ ನನಗೆ ಎಟುಕುತ್ತಿರಲಿಲ್ಲ. ಮಣೆ ಎಳೆದುಕೊಂಡು ಅದರ ಮೇಲೆ ಹತ್ತಿ ಹಾಕಿದೆ. ಹಾಕಿ ಇಳಿಯುವುದರೊಳಗೆ ಒಳಗಿನಿಂದ ಬಾಗಿಲಿಗೆ ಏಟು ಬಿತ್ತು, ಇಡೀ ಬಾಗಿಲು ನನ್ನ ಮೈಗೆ ಬಂದ ಹಾಗಾಯಿತು. ಒಳಗಿದ್ದದ್ದು ತೋಳ ಅಂತ ನನಗೆ ಅವತ್ತು ಯಾವ ಸಂಶಯವೂ ಇರಲಿಲ್ಲ. ಓಡಿಹೋಗಬಹುದಿತ್ತು, ಬೀದಿ ಬಾಗಿಲು ತೆರೆದೇ ಇತ್ತು. ಆದರೆ ನಾನು ಹೋದ ಮೇಲೆ ಯಾರಾದರೂ ಬಂದು ತೆಗೆದರೆ? ಅವ್ವ ಬಂದ ಹೊತ್ತಿಗೆ ಅವನು ಹೊರಗಿದ್ದರೆ? ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಪ್ರತಿ ಏಟಿಗೂ ನನ್ನ ತಲೆ ಅಲ್ಲಾಡುತ್ತಿತ್ತು.

ಆಗ ಬಸಪ್ಪ ಮಾಮಾ ಕಟ್ಟೆ ಹತ್ತಿ ಒಳಗೆ ಬಂದ. ನನ್ನನ್ನು, ಅಲುಗುವ ಬಾಗಿಲನ್ನು ನೋಡಿದ.

"ಒಳಗ ಯಾರು?"

"ಅಪ್ಪ."

"ಮಂದಿ ಹೇಳಿದ್ದು ಖರೇ ಐತಿ ಹಂಗಾರ. ಯಾರ ಹಾಕಿದ್ರು ಚಿಲಕಾ?"

"ನಾನ."

ಮಾಮಾ ನನ್ನ ರೆಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. ಅವನ ಕೈ ಚಿಲಕಕ್ಕೆ ಹೋಯಿತು. ನಾನು ಅವನ ಧೋತರ ಹಿಡಿದು ಎಳೆದೆ, ಬ್ಯಾಡ ಮಾಮಾ ಬ್ಯಾಡ ಅಂತ ಅತ್ತೆ. ಅವನು ಕೇಳಿಸಿಕೊಳ್ಳಲಿಲ್ಲ.

"ಈರಪ್ಪಾ! ಬಾಗಲಾ ತೆಗೀತೇನಿ. ಹೊರಗ ಬಾ. ಗಂಡಸ ಇದ್ರ ನನ್ನ ಮುಂದ ನಿಂತ ಮಾತಾಡು."

ಒಳಗಿನ ಏಟು ನಿಂತವು. ಉಸಿರು ಮಾತ್ರ ಕೇಳುತ್ತಿತ್ತು, ಓಡಿ ಬಂದ ಎತ್ತಿನದರ ಹಾಗೆ. ಆಮೇಲೆ ಅಪ್ಪನ ದನಿ ಬಾಗಿಲಿನ ಕೆಳಗಿನಿಂದ ಬಂತು. ನೆಲದ ಮೇಲೆ ಕೂತಿದ್ದನೆಂದು ಕಾಣುತ್ತದೆ.

"ತೆಗೀಬ್ಯಾಡ ಬಸಣ್ಣಾ."

"ಯಾಕ?"

"ಇನ್ನಾ ಹೋಗಿಲ್ಲ ಅದು. ಹುಡಿಗಿ ಅಲ್ಲೇ ಅದಾಳ. ತೆಗೀಬ್ಯಾಡ, ಕೈ ಮುಗೀತೇನಿ."

ಮಾಮಾನ ಕೈ ಚಿಲಕದ ಮೇಲೆಯೇ ಇತ್ತು. ನಿಧಾನವಾಗಿ ಕೆಳಗೆ ಇಳಿಯಿತು. ಅವನು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತ. ಅವ್ವ ಸಂತೆಯಿಂದ ಬಂದಾಗ ನಾವು ಹಾಗೆಯೇ ಕೂತಿದ್ದೆವು. ಅಣ್ಣನನ್ನು ನೋಡಿದ ಕೂಡಲೇ ಅವಳ ಕೈಯಿಂದ ಚೀಲ ಜಾರಿತು, ಬದನೆಕಾಯಿ ಪಡಸಾಲೆ ತುಂಬ ಉರುಳಿದವು. ಸುಮಿಯನ್ನು ಒಂದು ಕೈಯಿಂದ, ನನ್ನನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಳು.

"ನಾ ಬರಾಂಗಿಲ್ಲ ಅಣ್ಣಾ. ಇವರನ್ನ ಬಿಟ್ಟ ಬರಾಂಗಿಲ್ಲ."

ಮಾಮಾ ಎದ್ದು ಟೊಪ್ಪಿಗೆ ಹಾಕಿಕೊಂಡ. ಬಾಗಿಲ ಕಡೆ ಒಮ್ಮೆ ನೋಡಿದ.

"ನಿನ್ನ ಕರಿಯಾಕ ಬಂದಿದ್ದೆ ತಂಗಿ. ಈಗ ಒಬ್ಬನ ಹೊಂಟೇನಿ. ಆಂವ ಹೇಳೂತನಕಾ ತೆಗೀಬ್ಯಾಡ."

ಅವನು ರಾಮದುರ್ಗದ ಬಸ್ಸು ಹಿಡಿಯಲು ಒಬ್ಬನೇ ನಡೆದು ಹೋದದ್ದನ್ನು ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಒಳಗೆ ಅವ್ವ ಬದನೆಕಾಯಿ ಆರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೇವಿನ ಕೋಣೆಯಿಂದ "ಹೋತು" ಅಂತ ಕೇಳಿಸಿತು. ಅವ್ವ ಏಳುವ ಮೊದಲೇ ನಾನು ಮಣೆ ಹತ್ತಿದೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಬಾಗಿಲು ಇದ್ದಿದ್ದರೆ ಬರೆಯಿರಿ. ಯಾರು ಒಳಗಿದ್ದರು, ಯಾರು ಹೊರಗಿದ್ದರು, ಚಿಲಕ ಯಾರ ಕೈಯಲ್ಲಿತ್ತು ಅಂತ. ಹೆಸರು ಬೇಕಾಗಿಲ್ಲ. ಬಾಗಿಲು ತೆರೆಯದೇ ಹೋದ ಮನೆಯವರೂ, ತೆರೆದು ಹೊರಟುಹೋದವರೂ ಬರೆಯಿರಿ. ಕೂತು ಓದುತ್ತೇನೆ.